ಫ್ಲೂ ಮಹಾಮಾರಿಗಳ ವಂಶಾವಳಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



1957ನೆಯ ಇಸವಿ ಮಲೆನಾಡಿನ ಹಿರಿಯರ ನೆನಪಿನಲ್ಲಿ ಉಳಿದಿರುವುದು ಮಂಗನ ಕಾಯಿಲೆಯ ವರ್ಷವಾಗಿ. ಆ ವರ್ಷ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆ, ಸೊಪ್ಪಿಗೆಂದು ಕಾಡಿಗೆ ಹೋಗಿ ಬಂದ ಜನರು ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಉಣುಗುಗಳ ಮೂಲಕ ಹರಡುವ ಹೊಸದೊಂದು ವೈರಾಣುವನ್ನು ಅಲ್ಲಿ ಗುರುತಿಸಿದರು.

ಅದೇ ವರ್ಷದ ಮೇ ತಿಂಗಳಿನಲ್ಲಿ ಸಿಂಗಪುರದಿಂದ ಮದರಾಸು ಬಂದರಿಗೆ ಹಡಗೊಂದು ಬಂದಿತು. ಅದರಲ್ಲಿ ಜ್ವರಪೀಡಿತರಿದ್ದರು. ಆ ಜ್ವರ ಇನ್‌ಫ್ಲುಯೆಂಜಾ, ಅಂದರೆ ಫ್ಲೂ. ಭಾರತದಲ್ಲಿ ಆ ರೋಗದ ಮೇಲೆ ಕಣ್ಣಿಟ್ಟಿದ್ದ ಕೇಂದ್ರ ಇನ್ನೊಂದು ಬೆಟ್ಟಸೀಮೆಯಲ್ಲಿತ್ತು. ನೀಲಗಿರಿಯ ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿ. 1958ರ ಫೆಬ್ರವರಿಯ ವೇಳೆಗೆ ದೇಶದಲ್ಲಿ 44 ಲಕ್ಷಕ್ಕೂ ಹೆಚ್ಚು ಜನ ಜ್ವರಪೀಡಿತರೆಂದು ದಾಖಲಾದರು; 1,098 ಸಾವುಗಳು ಲೆಕ್ಕಕ್ಕೆ ಸಿಕ್ಕವು.

ಒಂದೇ ವರ್ಷದಲ್ಲಿ ಎರಡು ವೈರಾಣುಗಳು ಬೆಳಕಿಗೆ ಬಂದವು. ಮಂಗನ ಕಾಯಿಲೆಯ ವೈರಾಣು ಆರು ದಶಕಗಳ ನಂತರವೂ ಸಹ್ಯಾದ್ರಿಯ ಸಾಲನ್ನು ಬಿಟ್ಟು ದೂರ ಹೋಗಿಲ್ಲ. ಅದಕ್ಕೆ ಉಣುಗು ಬೇಕು, ಕಾಡು ಬೇಕು. ಮನುಷ್ಯನಿಂದ ಮನುಷ್ಯನಿಗೆ ಅದು ದಾಟುವುದಿಲ್ಲ. ಫ್ಲೂ ವೈರಾಣುವಾದರೋ ಕೆಲವೇ ತಿಂಗಳುಗಳಲ್ಲಿ ಜಗತ್ತನ್ನು ಸುತ್ತಿತು. ಫ್ಲೂ ಮನುಕುಲಕ್ಕೆ ಹೊಸ ರೋಗವೇನೂ ಆಗಿರಲಿಲ್ಲ. ಆದರೂ ಆ ವರ್ಷ ಕೋಟ್ಯಂತರ ಜನರ ದೇಹಕ್ಕೆ ಅದರ ಗುರುತು ಏಕೆ ಹತ್ತಲಿಲ್ಲ? ಈ ಪ್ರಶ್ನೆಗೆ ಉತ್ತರವಿರುವುದು ವೈರಾಣುವಿನ ವಂಶಾವಳಿಯಲ್ಲಿ. ಆ ವಂಶಾವಳಿಯು ಕೊಟ್ಟಿಗೆ, ಕೋಳಿಗೂಡು ಮತ್ತು ಕೆರೆಗಳ ಕಡೆಗೂ ಬೆರಳು ತೋರಿಸುವುದರಿಂದ ಹಳ್ಳಿಗರು ಅದನ್ನು ತಿಳಿಯುವುದು ಅಗತ್ಯವಾಗಿದೆ.

ಎಂಟು ಗರಿಗಳ ಕಟ್ಟು

ಮಹಾಮಾರಿಗಳಿಗೆ ಕಾರಣವಾಗುವುದು ಇನ್‌ಫ್ಲುಯೆಂಜಾದ ‘ಎ’ ಬಗೆಯ ವೈರಾಣು. ಅದರ ಅಗಲ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಭಾಗ. ಭತ್ತದ ವಂಶವಾಹಿ ಪಠ್ಯದಲ್ಲಿ ಸುಮಾರು 40 ಕೋಟಿ ಅಕ್ಷರಗಳಿದ್ದರೆ ಫ್ಲೂ ವೈರಾಣುವಿನ ಪಠ್ಯದಲ್ಲಿರುವುದು ಕೇವಲ 13,500ರಷ್ಟು. ಈ ಪಠ್ಯ ಒಂದೇ ಎಳೆಯಲ್ಲಿಲ್ಲ. ಎಂಟು ಬಿಡಿ ತುಂಡುಗಳಲ್ಲಿದೆ. ಹಳೆಯ ಮನೆಗಳ ಓಲೆಗರಿಯ ಕಟ್ಟಿನೊಂದಿಗೆ ಇದನ್ನು ಹೋಲಿಸಬಹುದು: ಎಂಟು ಗರಿಗಳ ಪುಟ್ಟ ಕಟ್ಟು. ಒಂದು ಗರಿಯಲ್ಲಿ ವೈರಾಣುವಿನ ಹೊರಮೈಯ ‘ಎಚ್’ ಪ್ರೋಟೀನಿನ ವಿವರವಿದೆ. ಜೀವಕೋಶಕ್ಕೆ ಅಂಟಿಕೊಂಡು ಒಳಹೋಗುವುದು ಅದರ ಕೆಲಸ. ಇನ್ನೊಂದರಲ್ಲಿ ‘ಎನ್’ ಪ್ರೋಟೀನಿನ ವಿವರವಿದೆ. ಹೊಸ ವೈರಾಣುಗಳನ್ನು ಕೋಶದಿಂದ ಬಿಡಿಸಿ ಹೊರಗೆ ಕಳುಹಿಸುವುದು ಅದರ ಕೆಲಸ. ಎಚ್1ಎನ್1, ಎಚ್5ಎನ್1 ಎಂಬ ಹೆಸರುಗಳು ಬಂದಿರುವುದು ಇವೆರಡರಿಂದಲೇ. ಉಳಿದ ಗರಿಗಳಲ್ಲಿ ನಕಲು ಮಾಡುವ ಯಂತ್ರದ ಹಾಗೂ ಇತರ ಭಾಗಗಳ ವಿವರಗಳಿವೆ.

ವೈರಾಣು ಬದಲಾಗುವ ಮೊದಲ ಬಗೆ ನಕಲಿನ ತಪ್ಪು. ಮನುಷ್ಯನ ಅಥವಾ ಭತ್ತದ ಕೋಶವು ತನ್ನ ಪಠ್ಯವನ್ನು ನಕಲಿಸುವಾಗ ತಪ್ಪನ್ನು ತಿದ್ದುವ ವ್ಯವಸ್ಥೆಯಿರುತ್ತದೆ. ಫ್ಲೂ ವೈರಾಣುವಿನ ಲಿಪಿಕಾರನಿಗೆ ತಿದ್ದುವ ಅಭ್ಯಾಸವಿಲ್ಲ. ಹತ್ತಾರು ಸಾವಿರ ಅಕ್ಷರಗಳಿಗೊಂದು ತಪ್ಪು ನುಸುಳಿದರೂ, ಕೆಲವೇ ಗಂಟೆಗಳಲ್ಲಿ ಸಾವಿರಾರು ಪ್ರತಿಗಳು ಹೊರಬರುವಾಗ ತಪ್ಪುಗಳಿಗೆ ಲೆಕ್ಕವಿರುವುದಿಲ್ಲ. ಅವುಗಳಲ್ಲಿ ಬಹುಪಾಲು ವೈರಾಣುವಿಗೇ ಮಾರಕ. ಎಲ್ಲೋ ಒಂದು ತಪ್ಪು ಎಚ್ ಪ್ರೋಟೀನಿನ ಆಕಾರವನ್ನು ತುಸು ಬದಲಿಸುತ್ತದೆ. ಹಿಂದಿನ ಜ್ವರದಿಂದ ದೇಹದಲ್ಲಿ ಹುಟ್ಟಿದ್ದ ಪ್ರತಿಕಾಯಗಳಿಗೆ ಅದರ ಗುರುತು ಹತ್ತುವುದಿಲ್ಲ. ಅಂತಹ ಪ್ರತಿ ಉಳಿದು ಬೆಳೆಯುತ್ತದೆ.

ಕಾಫಿ ಬೆಳೆಗಾರರಿಗೆ ಇದು ತಿಳಿಯದ ಸಂಗತಿಯೇನಲ್ಲ. ಎಲೆತುಕ್ಕು ರೋಗವನ್ನು ತಾಳಿಕೊಳ್ಳುತ್ತದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟಗಳಲ್ಲಿ ಕೆಂಟ್ಸ್ ತಳಿಯನ್ನು ನೆಟ್ಟರು. ಕೆಲವು ವರ್ಷ ಅದು ತಾಳಿಕೊಂಡಿತು. ಮುಂದೆ ತುಕ್ಕಿನ ಶಿಲೀಂಧ್ರದ ಹೊಸ ಪಂಗಡವೊಂದು ಆ ಎಲೆಗಳನ್ನೂ ಹಿಡಿಯಿತು. ಗಿಡ ಅದೇ ಆಗಿತ್ತು, ಬದಲಾದದ್ದು ಶಿಲೀಂಧ್ರ. ಫ್ಲೂ ಲಸಿಕೆಯ ಕಥೆಯೂ ಇಂಥದೇ. ಯಾವ ತಳಿಗೆ ಲಸಿಕೆ ತಯಾರಿಸಬೇಕೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ ಹೊಸದಾಗಿ ನಿರ್ಧರಿಸುತ್ತದೆ.

ಗರಿಗಳು ಬೆರೆತಾಗ

ಈ ನಿಧಾನದ ಬದಲಾವಣೆಯಿಂದ ಪ್ರತಿವರ್ಷದ ಶೀತಜ್ವರ ಉಂಟಾಗುತ್ತದೆ. ಮಹಾಮಾರಿಗೆ ಸಾಮಾನ್ಯವಾಗಿ ಎರಡನೆಯ ಬಗೆ ಬೇಕು. ಎರಡು ಬೇರೆ ಬೇರೆ ಫ್ಲೂ ವೈರಾಣುಗಳು ಒಂದೇ ಜೀವಕೋಶವನ್ನು ಹೊಕ್ಕವೆಂದಿಟ್ಟುಕೊಳ್ಳಿ. ಎರಡೂ ಕಟ್ಟುಗಳ ದಾರ ಬಿಚ್ಚಿಕೊಳ್ಳುತ್ತದೆ, ಹದಿನಾರೂ ಗರಿಗಳ ನಕಲುಗಳು ಬೆರೆತುಹೋಗುತ್ತವೆ. ಮತ್ತೆ ಕಟ್ಟುವಾಗ ಈ ಕಟ್ಟಿನ ಗರಿ ಆ ಕಟ್ಟಿಗೆ ಸೇರಬಹುದು. ಹೀಗೆ 256 ಬಗೆಯ ಕಟ್ಟುಗಳು ಸಾಧ್ಯ. ಮನುಷ್ಯರ ನಡುವೆ ಹರಡುವ ಸಾಮರ್ಥ್ಯವನ್ನು ಉಳಿಸಿಕೊಂಡು, ಮನುಷ್ಯರ ದೇಹ ಎಂದೂ ಕಾಣದ ಎಚ್ ಗರಿಯನ್ನು ಪಡೆದ ಕಟ್ಟೊಂದು ಹುಟ್ಟಿದರೆ ಅದು ಮಹಾಮಾರಿಯ ಬೀಜವಾಗುತ್ತದೆ.

ಹೊಸ ಗರಿಗಳ ಕಣಜವೆಂದರೆ ನೀರುಹಕ್ಕಿಗಳು. ಕಾಡುಬಾತು, ಕಡಲಹಕ್ಕಿ ಮತ್ತು ದಡದ ಹಕ್ಕಿಗಳಲ್ಲಿ ಎಚ್ ಪ್ರೋಟೀನಿನ 16, ಎನ್ ಪ್ರೋಟೀನಿನ 9 ಬಗೆಗಳು ಹಿಂದಿನಿಂದಲೂ ದಾಖಲಾಗಿವೆ. ಬಾತುಗಳ ಕರುಳಿನಲ್ಲಿ ಅವು ಬಹುಮಟ್ಟಿಗೆ ರೋಗವನ್ನೇ ಉಂಟುಮಾಡದೆ ಹಿಕ್ಕೆಯ ಮೂಲಕ ನೀರಿಗೆ ಸೇರುತ್ತವೆ, ಅಲ್ಲಿಂದ ಇನ್ನೊಂದು ಬಾತಿಗೆ ಹೋಗುತ್ತವೆ.

1957ರ ವೈರಾಣುವಿನ ಪಠ್ಯವನ್ನು ಮುಂದೆ ಓದಿದಾಗ ಅದರ ಎಂಟು ಗರಿಗಳಲ್ಲಿ ಐದು ಮನುಷ್ಯರಲ್ಲಿ ಅದಾಗಲೇ ಹರಡಿದ್ದ ಹಳೆಯ ಎಚ್1ಎನ್1 ವೈರಾಣುವಿನವು, ಮೂರು ಹಕ್ಕಿ ವೈರಾಣುವಿನವು ಎಂದು ತಿಳಿಯಿತು. ಎಚ್ ಮತ್ತು ಎನ್ ಎರಡೂ ಹೊಸವಾಗಿದ್ದವು. ಆದುದರಿಂದಲೇ ಆ ವರ್ಷ ಜಗತ್ತಿನ ಜನರಿಗೆ ಅದು ಅಪರಿಚಿತವಾಗಿತ್ತು. 1968ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಲಾದ ಎಚ್3ಎನ್2 ವೈರಾಣು ಮತ್ತೆ ಎರಡು ಗರಿಗಳನ್ನು ಹಕ್ಕಿಗಳಿಂದ ಪಡೆದಿತ್ತು. ಈ ಎರಡು ಮಹಾಮಾರಿಗಳಲ್ಲಿ ಪ್ರತಿಯೊಂದೂ ಜಗತ್ತಿನಲ್ಲಿ ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು.

ಹೆಪ್ಪುಗಟ್ಟಿದ ನೆಲದಲ್ಲಿ ದೊರೆತ ಪಠ್ಯ

ಹಾಗಾದರೆ 1957ರ ಆ ಐದು ಹಳೆಯ ಗರಿಗಳು ಎಲ್ಲಿಂದ ಬಂದಿದ್ದವು? ಅವುಗಳ ಹಿರಿಯನೇ 1918ರ ವೈರಾಣು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಅದು ಕೊಂದಿತೆಂದು ಅಂದಾಜಿದೆ. ಭಾರತದಲ್ಲಿ ಸತ್ತವರ ಸಂಖ್ಯೆ 1.2 ಕೋಟಿಯಿಂದ 2 ಕೋಟಿಯವರೆಗೆ ಇದ್ದೀತೆಂದು ಹೇಳಲಾಗುತ್ತದೆ. 1911ರಿಂದ 1921ರ ನಡುವೆ ಈ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಜನಗಣತಿಯ ಚರಿತ್ರೆಯಲ್ಲಿ ಹಾಗಾದ ದಶಕ ಬೇರೆ ಇಲ್ಲ. ಆದರೆ ಆ ಕಾಲದಲ್ಲಿ ಫ್ಲೂ ವೈರಾಣು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರೋಗವು ಬಂದಂತೆಯೇ ಹೋಯಿತು; ಅದರ ಪಠ್ಯ ಹೂತವರೊಂದಿಗೆ ಮಣ್ಣಾಯಿತು, ಸುಟ್ಟವರೊಂದಿಗೆ ಬೂದಿಯಾಯಿತು.

ಅಮೆರಿಕದ ಅಲಾಸ್ಕಾದಲ್ಲಿ ಬ್ರೆವಿಗ್ ಮಿಷನ್ ಎಂಬ ಸಣ್ಣ ಊರಿದೆ. 1918ರ ನವೆಂಬರಿನಲ್ಲಿ ಎಂಬತ್ತರಷ್ಟು ವಯಸ್ಕರಿದ್ದ ಆ ಊರಿನ 72 ಮಂದಿ ಐದೇ ದಿನಗಳಲ್ಲಿ ಸತ್ತರು. ಅವರನ್ನು ಹೂಳಿದ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಸ್ವೀಡನ್ ಮೂಲದ ವಿದ್ಯಾರ್ಥಿ ಯೋಹಾನ್ ಹಲ್ಟಿನ್ 1951ರಲ್ಲಿ ಊರ ಹಿರಿಯರ ಒಪ್ಪಿಗೆ ಪಡೆದು ಆ ಸಮಾಧಿಯನ್ನು ತೆರೆದರು. ದೊರೆತ ಅಂಗಾಂಶದಿಂದ ವೈರಾಣುವನ್ನು ಬೆಳೆಸಲು ಅವರಿಂದಾಗಲಿಲ್ಲ. 46 ವರ್ಷಗಳ ನಂತರ, 1997ರಲ್ಲಿ, ಅಮೆರಿಕದ ಜೆಫ್ರಿ ಟಾಬೆನ್‌ಬರ್ಗರ್ ಮತ್ತು ಆನ್ ರೀಡ್ ಅವರ ತಂಡವು ಸೇನೆಯ ಸಂಗ್ರಹದಲ್ಲಿ ಮೇಣದೊಳಗೆ ಉಳಿದಿದ್ದ ಸೈನಿಕನೊಬ್ಬನ ಶ್ವಾಸಕೋಶದ ಚೂರಿನಿಂದ ಆ ವೈರಾಣುವಿನ ಕೆಲವು ಸಾಲುಗಳನ್ನು ಓದಿತು. ಅದನ್ನು ತಿಳಿದ ಹಲ್ಟಿನ್ ತಮ್ಮ 72ನೆಯ ವಯಸ್ಸಿನಲ್ಲಿ ಸ್ವಂತ ಖರ್ಚಿನಿಂದ ಮತ್ತೆ ಅದೇ ಊರಿಗೆ ಹೋದರು. ಎರಡನೆಯ ಬಾರಿಯೂ ಮೊದಲು ಊರಿನ ಒಪ್ಪಿಗೆ ಕೇಳಿದರು. ಸ್ಥೂಲಕಾಯದ ಮಹಿಳೆಯೊಬ್ಬರ ದೇಹದ ಕೊಬ್ಬು ಆಕೆಯ ಶ್ವಾಸಕೋಶವನ್ನು ಕೆಡದಂತೆ ಕಾಪಾಡಿತ್ತು. ಅದರ ಚೂರುಗಳನ್ನು ಪಡೆದು ಸಮಾಧಿಯನ್ನು ಮುಚ್ಚಿ, ಕಾಣೆಯಾಗಿದ್ದ ಶಿಲುಬೆಗಳ ಬದಲಿಗೆ ಹೊಸದಾಗಿ ಎರಡು ಶಿಲುಬೆಗಳನ್ನು ಮಾಡಿ ನಿಲ್ಲಿಸಿ ಹಿಂದಿರುಗಿದರು.

2005ರಲ್ಲಿ ಎಂಟೂ ಗರಿಗಳ ಓದು ಮುಗಿಯಿತು. ಅವು ಹಕ್ಕಿ ವೈರಾಣುಗಳ ಗರಿಗಳನ್ನು ಬಹಳವಾಗಿ ಹೋಲುತ್ತಿದ್ದವು. ಹಕ್ಕಿಯಿಂದ ನೇರವಾಗಿ ಬಂದಿತೇ, ನಡುವೆ ಬೇರೆ ಪ್ರಾಣಿಯಿತ್ತೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ನಂತರದ ಕಥೆ ಸ್ಪಷ್ಟ. 1957, 1968 ಮತ್ತು 2009ರ ಮಹಾಮಾರಿಗಳೆಲ್ಲವೂ 1918ರ ಕೆಲವು ಗರಿಗಳನ್ನು ಹೊತ್ತುಕೊಂಡೇ ಬಂದವು. ಮಹಾಮಾರಿಯ ವೈರಾಣು ಆಕಾಶದಿಂದ ಉದುರುವುದಿಲ್ಲ. ಹಳೆಯ ಭಾಗಗಳಿಂದ ಜೋಡಣೆಯಾಗುತ್ತದೆ.

ನಿಂತ ಗಡಿಯಾರ, ಉಳಿದ ನೆನಪು

ವಂಶಾವಳಿಯನ್ನು ಓದಲು ಬಂದರೆ ಏನೇನು ತಿಳಿಯುತ್ತದೆ ಎಂಬುದಕ್ಕೆ 1977 ಒಂದು ನಿದರ್ಶನ. ಮನುಷ್ಯರಿಂದ 1957ರಲ್ಲಿ ಮರೆಯಾಗಿದ್ದ ಎಚ್1ಎನ್1 ವೈರಾಣು ಆ ವರ್ಷ ಚೀನಾ ಮತ್ತು ಸೋವಿಯೆತ್ ಒಕ್ಕೂಟದಲ್ಲಿ ಮರಳಿ ಕಾಣಿಸಿಕೊಂಡಿತು. ಎರಡು ದಶಕಗಳಲ್ಲಿ ಅದರ ಪಠ್ಯದಲ್ಲಿ ನೂರಾರು ತಪ್ಪುಗಳು ಸೇರಿರಬೇಕಾಗಿತ್ತು. ಆದರೆ ಅದು 1950ರ ಸುಮಾರಿನ ವೈರಾಣುವನ್ನೇ ಹೋಲುತ್ತಿತ್ತು. ಯಾವ ಪ್ರಾಣಿಯ ದೇಹದಲ್ಲಿಯೂ ಅದು ಅಷ್ಟು ಕಾಲ ಬದಲಾಗದೆ ಉಳಿಯಲಾರದು. ಪ್ರಯೋಗಾಲಯದ ಶೀತಪೆಟ್ಟಿಗೆಯಿಂದ, ಬಹುಶಃ ಲಸಿಕೆಯ ಪ್ರಯೋಗವೊಂದರ ಮೂಲಕ, ಅದು ಹೊರಬಂದಿರಬೇಕೆಂಬುದು ಬಹುತೇಕ ತಜ್ಞರ ಅಭಿಪ್ರಾಯ.

2009ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳಲ್ಲಿ ಹೊಸ ವೈರಾಣು ಗುರುತಿಸಲ್ಪಟ್ಟಿತು. ಮೆಕ್ಸಿಕೋದಲ್ಲಿ ಅದು ಆಗಲೇ ಹರಡಿತ್ತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿಯನ್ನು ಘೋಷಿಸಿತು. ಮೇ ತಿಂಗಳಲ್ಲೇ ಹೈದರಾಬಾದಿನಲ್ಲಿ ಭಾರತದ ಮೊದಲ ಪ್ರಕರಣ, ಆಗಸ್ಟ್‌ನಲ್ಲಿ ಪುಣೆಯಲ್ಲಿ ಮೊದಲ ಸಾವು ಸಂಭವಿಸಿದವು. ಹಂದಿಜ್ವರವೆಂದು ಕನ್ನಡ ಪತ್ರಿಕೆಗಳು ಕರೆದದ್ದು ಇದನ್ನೇ. ಇದರ ಗರಿಗಳು ನಾಲ್ಕು ದಿಕ್ಕಿನಿಂದ ಬಂದಿದ್ದವು: ಅಮೆರಿಕದ ಹಂದಿಗಳಲ್ಲಿ 1918ರಿಂದ ಉಳಿದು ಬಂದ ವಂಶದಿಂದ ಮೂರು, ಅಮೆರಿಕದ ಹಕ್ಕಿಗಳ ವಂಶದಿಂದ ಎರಡು, ಮನುಷ್ಯರ ಎಚ್3ಎನ್2ನಿಂದ ಒಂದು, 1979ರ ಸುಮಾರಿಗೆ ಹಕ್ಕಿಗಳಿಂದ ಯುರೋಪಿನ ಹಂದಿಗಳಿಗೆ ದಾಟಿದ್ದ ವಂಶದಿಂದ ಎರಡು. ಹಂದಿಯ ಉಸಿರುನಾಳದಲ್ಲಿ ಹಕ್ಕಿಯ ವೈರಾಣುವೂ ಮನುಷ್ಯನ ವೈರಾಣುವೂ ಅಂಟಿಕೊಳ್ಳಬಲ್ಲವು. ಗರಿಗಳು ಬೆರೆಯಲು ಅದು ತಕ್ಕ ಸ್ಥಳ. ಖಂಡಾಂತರ ಹಂದಿ ವ್ಯಾಪಾರವಿಲ್ಲದಿದ್ದರೆ ಯುರೋಪಿನ ಗರಿಗಳಿಗೂ ಅಮೆರಿಕದ ಗರಿಗಳಿಗೂ ಭೇಟಿಯಾಗುವುದು ಸುಲಭವಿರಲಿಲ್ಲ. ಮಧ್ಯ ಮೆಕ್ಸಿಕೋದ ಹಂದಿಗಳಲ್ಲಿ ಅದು ರೂಪುಗೊಂಡಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಆ ಮಹಾಮಾರಿಯಲ್ಲಿ ಹಿರಿಯರಿಗಿಂತ ಎಳೆಯರು, ಮಧ್ಯವಯಸ್ಕರು ಹೆಚ್ಚಾಗಿ ನರಳಿದರು. ಇದಕ್ಕೆ ಕಾರಣವೂ ವಂಶಾವಳಿಯಲ್ಲಿದೆ. ಹೊಸ ವೈರಾಣುವಿನ ಎಚ್ ಗರಿ 1918ರದೇ ಸಂತಾನ. ಹಂದಿಗಳಲ್ಲಿದ್ದ ಕಾಲದಲ್ಲಿ ಅದು ಅಷ್ಟಾಗಿ ಬದಲಾಗಿರಲಿಲ್ಲ. ಬಾಲ್ಯದಲ್ಲಿ ಹಳೆಯ ಎಚ್1ಎನ್1 ಜ್ವರ ಬಂದಿದ್ದವರ ದೇಹಕ್ಕೆ ಅದರ ನೆನಪಿತ್ತು. ಅಮೆರಿಕದಲ್ಲಿ ಪರೀಕ್ಷಿಸಿದಾಗ ಅರವತ್ತು ದಾಟಿದವರ ಪೈಕಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಆ ಹೊಸ ವೈರಾಣುವನ್ನು ಹಿಡಿಯಬಲ್ಲ ಪ್ರತಿಕಾಯಗಳು ಮೊದಲೇ ಇದ್ದವು.

ಕೋಳಿಯ ಕೊಟ್ಟಿಗೆಯಿಂದ ಹಸುವಿನ ಕೆಚ್ಚಲಿಗೆ

ಇನ್ನು ಹಕ್ಕಿಜ್ವರ. 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಸಾಕು ಹೆಬ್ಬಾತುಗಳಲ್ಲಿ ಮಾರಕ ಎಚ್5ಎನ್1 ಪತ್ತೆಯಾಯಿತು. ಮರುವರ್ಷ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಅದು ತಗುಲಿತು; ಆರು ಮಂದಿ ಸತ್ತರು. ಕಾಡುಬಾತಿನಲ್ಲಿ ಸೌಮ್ಯವಾಗಿರುವ ಎಚ್5 ವೈರಾಣು ಕೋಳಿಗಳಿಗೆ ದಾಟಿದ ನಂತರ ಮಾರಕವಾಗುವ ಕ್ರಮವನ್ನು ವಿಜ್ಞಾನಿಗಳು ಅರಿತಿದ್ದಾರೆ. ಎಚ್ ಪ್ರೋಟೀನ್ ಕೆಲಸ ಮಾಡಬೇಕಾದರೆ ಅದನ್ನು ಒಂದು ಜಾಗದಲ್ಲಿ ಕತ್ತರಿಸುವ ಕಿಣ್ವ ಬೇಕು. ಸೌಮ್ಯ ವೈರಾಣುವಿಗೆ ಬೇಕಾದ ಕಿಣ್ವ ಕರುಳು, ಉಸಿರುನಾಳಗಳಲ್ಲಿ ಮಾತ್ರ ಇರುತ್ತದೆ. ಕತ್ತರಿಸುವ ಜಾಗದಲ್ಲಿ ಕೆಲವು ಅಕ್ಷರಗಳು ಸೇರಿಕೊಂಡರೆ ದೇಹದ ಎಲ್ಲ ಅಂಗಗಳ ಕಿಣ್ವಗಳೂ ಆ ಕೆಲಸ ಮಾಡುತ್ತವೆ. ಕೋಳಿ ಎರಡು ದಿನಗಳಲ್ಲಿ ಸಾಯಬಹುದು. ಕಾಡಿನಲ್ಲಿ ತನ್ನ ಬಾತನ್ನೇ ಕೂಡಲೇ ಕೊಲ್ಲುವ ವೈರಾಣು ದೂರ ಹೋಗಲಾರದು. ಒಂದೇ ತಳಿಯ ಸಾವಿರಾರು ಕೋಳಿಗಳಿರುವ ಸೂರಿನಡಿ ಮುಂದಿನ ಕೋಳಿ ಗೇಣು ದೂರದಲ್ಲೇ ಇರುತ್ತದೆ.

ಭಾರತದಲ್ಲಿ ಇದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ ಕಾಣಿಸಿತು. ಸಾಕುಹಕ್ಕಿಗಳಲ್ಲಿ ಮಾರಕವಾದ ವೈರಾಣು ಮತ್ತೆ ಕಾಡುಹಕ್ಕಿಗಳಿಗೆ ದಾಟಿತು. 2020-21ರ ಚಳಿಗಾಲದಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತವು; ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದ ಅತಿಥಿಗಳಾಗಿ ಬರುವುದು ಇದೇ ಜಾತಿಯ ಹಕ್ಕಿ.

2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಪತ್ತೆಯಾದದ್ದು ತಜ್ಞರಿಗೂ ಅನಿರೀಕ್ಷಿತವಾಗಿತ್ತು. ವೈರಾಣು ಕೆಚ್ಚಲಿನಲ್ಲಿ ಬೆಳೆದು ಹಾಲಿನಲ್ಲಿ ಹೇರಳವಾಗಿ ಹೊರಬರುತ್ತಿತ್ತು. ಹಕ್ಕಿಯಿಂದ ಹಸುವಿಗೆ ಅದು ಒಂದೇ ಬಾರಿ ಜಿಗಿದು, ಆಮೇಲೆ ಹಾಲು ಕರೆಯುವ ಯಂತ್ರ ಮತ್ತು ಜಾನುವಾರು ಸಾಗಾಟದ ಮೂಲಕ ರಾಜ್ಯದಿಂದ ರಾಜ್ಯಕ್ಕೆ ಹರಡಿತೆಂಬುದನ್ನು ಆ ಮೊದಲ ಹರಡುವಿಕೆಯ ಪಠ್ಯಗಳೇ ತಿಳಿಸಿದವು. ಹಾಲನ್ನು ಪಾಶ್ಚರೀಕರಿಸಿದರೆ ಅಥವಾ ಚೆನ್ನಾಗಿ ಕುದಿಸಿದರೆ ವೈರಾಣು ಸಾಯುತ್ತದೆ. 2003ರಿಂದ 2025ರವರೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಲ್ಲಿ ಈ ಸೋಂಕು ದೃಢಪಟ್ಟಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತರು. ಆ ಅವಧಿಯಲ್ಲಿ ಅದು ಮನುಷ್ಯರಿಂದ ಮನುಷ್ಯರಿಗೆ ಎಡೆಬಿಡದೆ ಹರಡುವ ಶಕ್ತಿಯನ್ನು ಪಡೆಯಲಿಲ್ಲ. ಆದರೆ ಪ್ರತಿಯೊಂದು ಹೊಸ ಪ್ರಾಣಿಯೂ ಆ ವೈರಾಣುವಿಗೆ ಇನ್ನೊಂದು ಪಾಠಶಾಲೆ.

ಹಳ್ಳಿಯ ಪಾಲು

ಹಕ್ಕಿಜ್ವರದ ಸುದ್ದಿ ಬಂದಾಗ ಕೆರೆಯ ಹಕ್ಕಿಗಳನ್ನು ಓಡಿಸಬೇಕು, ಅವು ಗೂಡು ಕಟ್ಟುವ ಮರಗಳನ್ನು ಕಡಿಯಬೇಕು ಎಂಬ ಮಾತು ಹುಟ್ಟುತ್ತದೆ. ಕಾಡುಹಕ್ಕಿಗಳು ವೈರಾಣುವನ್ನು ಒಯ್ಯುತ್ತವೆ ಎಂಬುದು ನಿಜ. ಪರಿಸರದ ಮೇಲಿನ ಪ್ರೀತಿಯಿಂದ ಅದನ್ನು ಮುಚ್ಚಿಡಬಾರದು. ಆದರೆ ಓಡಿಸಿದ ಹಕ್ಕಿ ಇನ್ನೊಂದು ಕೆರೆಗೆ ಹೋಗುತ್ತದೆ, ವೈರಾಣು ಅದರೊಡನೆ ಹೋಗುತ್ತದೆ. ಕಾಡುಹಕ್ಕಿಗಳನ್ನು ಕೊಂದು ರೋಗವನ್ನು ತಡೆಯುವ ಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಒಪ್ಪುವುದಿಲ್ಲ.

ಹಾಗೆಯೇ ತಪ್ಪೆಲ್ಲವೂ ದೊಡ್ಡ ಫಾರಂಗಳದ್ದು, ಹಿತ್ತಿಲ ನಾಟಿಕೋಳಿಗೆ ಭಯವಿಲ್ಲ ಎನ್ನುವುದೂ ಸರಿಯಲ್ಲ. ಕಿಕ್ಕಿರಿದ ಫಾರಂನಲ್ಲಿ ವೈರಾಣು ಮಾರಕವಾಗುವ ಅಪಾಯ ಹೆಚ್ಚು. ಕೆರೆದಂಡೆಯಲ್ಲಿ ಮೇಯುವ ಬಾತುಕೋಳಿಗೆ ಕಾಡುಹಕ್ಕಿಯ ಸಂಪರ್ಕ ಹೆಚ್ಚು. ಬಾತು, ಕೋಳಿ, ಹಂದಿಗಳನ್ನು ಒಂದೇ ಸೂರಿನಡಿ ಸಾಕದಿರುವುದು, ಅವುಗಳಿಗೆ ಕೆರೆಯ ನೀರಿನ ಬದಲು ಬಾವಿಯ ನೀರು ಕೊಡುವುದು ಇಬ್ಬರಿಗೂ ಸಾಧ್ಯವಾಗುವ ಎಚ್ಚರಿಕೆ.

ಎಲ್ಲಕ್ಕಿಂತ ಮುಖ್ಯವಾದುದು ಸುದ್ದಿ ತಿಳಿಸುವುದು. ಕಾಡಿನಲ್ಲಿ ಮಂಗ ಸತ್ತಿದ್ದರೆ ಆರೋಗ್ಯ ಇಲಾಖೆಗೆ ತಿಳಿಸುವ ರೂಢಿ ಮಲೆನಾಡಿಗೆ ಹೊಸದಲ್ಲ. ಕೋಳಿ, ಕಾಗೆ, ನೀರುಹಕ್ಕಿಗಳು ಒಮ್ಮೆಲೇ ಸತ್ತರೂ ಹಾಗೆಯೇ ಪಶುವೈದ್ಯ ಆಸ್ಪತ್ರೆಗೆ ತಿಳಿಸಬೇಕು. ಬರಿಗೈಯಲ್ಲಿ ಮುಟ್ಟಬಾರದು, ಸತ್ತ ಕೋಳಿಯನ್ನು ಅಡುಗೆಗೆ ಬಳಸಬಾರದು, ತೋಡಿಗೆ ಎಸೆಯಬಾರದು. ಮಾದರಿಗಳು ಭೋಪಾಲದ ಉನ್ನತ ಸುರಕ್ಷತೆಯ ಪಶುರೋಗ ಸಂಸ್ಥೆಗೆ ಹೋಗುತ್ತವೆ. ಅಲ್ಲಿ ಅವುಗಳ ಪಠ್ಯವನ್ನು ಓದುತ್ತಾರೆ.

ತಿಳಿಸಿದವನಿಗೆ ನಷ್ಟವಿದೆ ಎಂಬುದನ್ನು ಮರೆಯುವಂತಿಲ್ಲ. ರೋಗ ದೃಢಪಟ್ಟರೆ ಸುತ್ತಲಿನ ಒಂದು ಕಿಲೋಮೀಟರ್ ವ್ಯಾಪ್ತಿಯ ಸಾಕುಹಕ್ಕಿಗಳನ್ನೆಲ್ಲ ಕೊಲ್ಲುವುದು ನಿಯಮ. ಹತ್ತು ನಾಟಿಕೋಳಿಗಳ ಮೊಟ್ಟೆಯಿಂದ ಸಂತೆಯ ಖರ್ಚು ತೂಗಿಸುವ ಹೆಂಗಸಿಗೆ ಅದು ಸಣ್ಣ ಪೆಟ್ಟಲ್ಲ. ನೆರೆಯವರ ಕೋಳಿಗಳೂ ಹೋಗುವುದರಿಂದ ಅವರ ಸಿಟ್ಟನ್ನೂ ಆಕೆಯೇ ಹೊರಬೇಕು. ಕೊಂದ ಕೋಳಿಗಳಿಗೆ ಪರಿಹಾರ ಕೊಡುವ ವ್ಯವಸ್ಥೆಯಿದೆ. ವೆಚ್ಚವನ್ನು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಸಮನಾಗಿ ಹೊರುತ್ತವೆ. ಆ ಹಣ ತಡವಾದರೆ ಮುಂದಿನ ಬಾರಿ ಸತ್ತ ಕೋಳಿ ಸದ್ದಿಲ್ಲದೆ ಹಿತ್ತಿಲಲ್ಲಿ ಹೂತುಹೋಗುತ್ತದೆ. ಅದರೊಂದಿಗೆ ವೈರಾಣುವಿನ ಪಠ್ಯವೂ ಹೂತುಹೋಗುತ್ತದೆ. ಆದುದರಿಂದ ಪರಿಹಾರ ಸಕಾಲದಲ್ಲಿ, ಪೂರ್ಣವಾಗಿ ಸಿಗಬೇಕೆಂದು ಗ್ರಾಮಸಭೆಗಳು ಒತ್ತಾಯಿಸುವುದು ಕೋಳಿ ಸಾಕುವವರ ಹಿತಕ್ಕಾಗಿ ಮಾತ್ರವಲ್ಲ, ಇಡೀ ಊರಿನ ಆರೋಗ್ಯಕ್ಕಾಗಿ.

ವಿದ್ಯಾರ್ಥಿಗಳು ಊರ ಕೆರೆಗೆ ಬರುವ ಹಕ್ಕಿಗಳ ಜಾತಿ, ಸಂಖ್ಯೆ ಮತ್ತು ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಸಾಮಾನ್ಯ ವರ್ಷ ಹೇಗಿರುತ್ತದೆಂದು ತಿಳಿದವರಿಗೆ ಮಾತ್ರ ಅಸಾಮಾನ್ಯ ವರ್ಷ ಗುರುತಿಗೆ ಸಿಗುತ್ತದೆ. ಕ್ಯಾಸನೂರಿನಲ್ಲಿ ಮಂಗಗಳ ಸಾವನ್ನು ಮೊದಲು ಕಂಡವರು ಕಾಡಿನಂಚಿನ ಜನ. ಬ್ರೆವಿಗ್ ಮಿಷನ್ನಿನ ಹಿರಿಯರು ಒಪ್ಪದಿದ್ದರೆ ಅಲ್ಲಿನ ಸಮಾಧಿ ತೆರೆಯುತ್ತಿರಲಿಲ್ಲ. ವೈರಾಣುವಿನ ಗರಿಗಳನ್ನು ಓದುವ ಯಂತ್ರ ಪುಣೆ, ಭೋಪಾಲಗಳಲ್ಲಿರಬಹುದು. ಓದಬೇಕಾದ ಗರಿ ಇರುವುದು ಹಳ್ಳಿಯ ಕೆರೆದಂಡೆಯಲ್ಲಿ, ಕೋಳಿಗೂಡಿನಲ್ಲಿ. ಅದನ್ನು ಸಕಾಲದಲ್ಲಿ ಗಮನಿಸಿ ತಿಳಿಸುವ ಹೊಣೆ ಇಲ್ಲಿ ನೆರೆದಿರುವವರದು.